ಪನ್ಯಾಂಗಳ ಬಾಯಲ್ಲಿ ಉಳಿದ ಎರಡು ಸಾಲು

ಪಾಸಿಲ್ ಮೀನುಪೇಟೆಯ ಹಿಂದಿನ ಓಣಿಯಲ್ಲಿ ಪನ್ಯಾಂಗ್ ಯಾರು ಎಂದು ಕೇಳಿದರೆ ಜನ ಅವಳ ಮುಖದ ಗುರುತು ಹೇಳುವುದಿಲ್ಲ, ಕೈಯ ಗುರುತು ಹೇಳುತ್ತಾರೆ. ಎಳೆಯ ತೆಂಗಿನ ಗರಿ ಆ ಕೈಯಲ್ಲಿ ಸದಾ ಓಡಾಡುತ್ತಿರುತ್ತದೆ. ಬೆರಳಿಗೊಂದು ಸುತ್ತು, ಒಳಕ್ಕೊಂದು ತಿರುವು, ಕೊನೆಗೊಂದು ಎಳೆತ. ಮುಷ್ಟಿ ಗಾತ್ರದ ಬುಟ್ಟಿಯೊಂದು ಮಡಿಲಿಗೆ ಬೀಳುತ್ತದೆ. ಅದರೊಳಗೆ ಅರ್ಧ ಅಕ್ಕಿ ತುಂಬಿ ಹಂಡೆಯಲ್ಲಿ ಬೇಯಿಸಿದರೆ ಪುಸೊ. ಸೆಬು ಪಟ್ಟಣದ ಸುಟ್ಟಮೀನಿನ ಅಂಗಡಿಗಳಲ್ಲಿ ಗೊಂಚಲು ಗೊಂಚಲಾಗಿ ತೂಗುವ ಪುಸೊಗಳಲ್ಲಿ ಪನ್ಯಾಂಗಳ ಕೈಯವು ಯಾವುವೆಂದು ತಿನ್ನುವವರಿಗೆ ತಿಳಿಯದು. ಅವಳಿಗೆ ತಿಳಿಯುತ್ತದೆ. ಅವಳ ಗಂಟು ಎಡಕ್ಕೆ ಬೀಳುತ್ತದೆ.

ಹೆಣೆಯುವಾಗ ಅವಳ ತುಟಿಯೂ ಅಲುಗುತ್ತಿರುತ್ತದೆ. ಹೊಸಬರು ಜಪಮಾಲೆ ಹೇಳುತ್ತಿದ್ದಾಳೆ ಅಂದುಕೊಂಡು ದನಿ ತಗ್ಗಿಸುತ್ತಾರೆ. ಅದು ಜಪವಲ್ಲ ಎಂದು ಗೊತ್ತಿದ್ದವಳು ಲೂದಿಂಗ್ ಒಬ್ಬಳೇ.

ಲೂದಿಂಗ್ ಅದೇ ಪೇಟೆಯಲ್ಲಿ ಎದುರು ಕಟ್ಟೆಯ ಮೇಲೆ ಒಣಮೀನು ಮಾರುವವಳು. ಅಗಲ ಮೈ, ಗಟ್ಟಿ ಗಂಟಲು. ಅವಳ ಮೊದಲ ಮಗು ಎಸ್ತೆರ್‌ಗೆ ಜ್ಞಾನಸ್ನಾನ ಮಾಡಿಸಿದ ದಿನ ಧರ್ಮತಾಯಿಯಾಗಿ ನಿಂತು ಮಗುವನ್ನು ಎತ್ತಿಕೊಂಡವಳು ಪನ್ಯಾಂಗ್. ಆವತ್ತಿನಿಂದ ಇಬ್ಬರೂ ಒಬ್ಬರನ್ನೊಬ್ಬರು ‘ಮಾರೆ’ ಎಂದು ಕರೆಯುತ್ತಾರೆ, ಒಂದೇ ಮಗುವಿನ ಇಬ್ಬರು ತಾಯಂದಿರು ಎಂಬ ಅರ್ಥದಲ್ಲಿ. ಮಗು ಉಳಿಯಲಿಲ್ಲ. ಕರೆ ಉಳಿಯಿತು.

ಪನ್ಯಾಂಗಳ ತುಟಿಯ ಮೇಲೆ ಇದ್ದದ್ದು ಬಾಲಿತಾವ್‌ನ ಎರಡು ಸಾಲು. ಗಂಡು ಒಂದು ಪದ ಕಟ್ಟಿ ಹಾಡಬೇಕು, ಹೆಣ್ಣು ನಿಂತಲ್ಲೇ ಪದ ಕಟ್ಟಿ ಅವನ ಬಾಯಿ ಮುಚ್ಚಿಸಬೇಕು, ಅವನು ಮತ್ತೆ ಕಟ್ಟಬೇಕು. ಅದೇ ಬಾಲಿತಾವ್. ಅದಕ್ಕೆ ತೀರ್ಪುಗಾರರು ಬೇಡ. ಉತ್ತರ ಹೊಳೆಯದೆ ಯಾರು ನಿಲ್ಲುತ್ತಾರೋ ಅವರು ಸೋತಂತೆ. ಪನ್ಯಾಂಗಳ ಹುಟ್ಟೂರು ಅರ್ಗಾವ್‌ನ ಕಡಲಂಚಿನ ಒಂದು ಕೇರಿ. ಅವಳಿನ್ನೂ ಲಂಗ ಉಡುವ ಹುಡುಗಿಯಾಗಿದ್ದಾಗ ಅಲ್ಲಿನ ಪ್ರಾರ್ಥನಾಮಂದಿರದ ಹಬ್ಬಕ್ಕೆ ಡಾರಿಕ್ ಬಸಾನ್ ಬಂದಿದ್ದ. ಅವನಿಗೂ ಆಗ ಎಳೆ ಮೀಸೆ. ಜೊತೆಗೆ ಹಾಡುವ ಹೆಂಗಸು ಜ್ವರ ಬಂದು ಮಲಗಿದ್ದಳು. ಅವನು ಹಲಗೆಯ ವೇದಿಕೆಯ ಮೇಲೆ ನಿಂತು, ಈ ಊರಲ್ಲಿ ನನಗೆ ಉತ್ತರ ಕೊಡುವ ಹೆಣ್ಣಿಲ್ಲವೇ ಎಂದು ಕೇಳಿದ. ಗೆಳತಿಯರು ಪನ್ಯಾಂಗಳನ್ನು ದಬ್ಬಿ ಮೇಲೆ ಹತ್ತಿಸಿದರು. ಅವನು ಹಾಡಿದ:

‘ಏಳು ಅಲೆಯ ದಾಟಿ ಬಂದೆ, ದೋಣಿ ಒಡೆದರೂ ನಿಲ್ಲಲಿಲ್ಲ,
ನಿನ್ನ ಮನೆಯ ದೀಪ ಬಿಟ್ಟು ಬೇರೆ ದಾರಿ ಕಾಣಲಿಲ್ಲ.’

ಪನ್ಯಾಂಗ್ ಸೊಂಟಕ್ಕೆ ಕೈಯಿಟ್ಟು ಅವನ ಸುತ್ತ ಒಂದು ಸುತ್ತು ಬಂದು ಹಾಡಿದಳು:

‘ಅಲೆಯ ದಾಟಿ ಬಂದೋನ ಕಾಲು ಒದ್ದೆಯಾಗಿಲ್ಲ ಯಾಕೆ?
ಮೀಸೆಗಂಟಿದ ಅನ್ನದ ಅಗುಳು ಯಾರ ಮನೆಯದು, ಜೋಕೆ.’

ಜನ ಹೋ ಎಂದರು. ಡಾರಿಕ್‌ನ ಕೈ ತನಗೆ ತಾನೇ ಮೀಸೆಗೆ ಹೋಯಿತು. ಜನ ಇನ್ನೂ ನಕ್ಕರು. ಮುಂದಿನ ಎರಡು ಸಾಲು ಪನ್ಯಾಂಗಳ ನಾಲಗೆಯ ಮೇಲೆ ಸಿದ್ಧವಾಗಿ ಕೂತಿದ್ದವು. ಅಷ್ಟರಲ್ಲಿ ಅವಳ ಅಪ್ಪ ಸಿಂದೊ ವೇದಿಕೆ ಹತ್ತಿ ಮಣಿಕಟ್ಟು ಹಿಡಿದು ಕೆಳಗೆ ಎಳೆದ. “ಕಂಡೋರ್ ಮೀಸೆ ಇಚಾರ ನಿಂಗ್ಯಾಕೆ” ಎಂದಷ್ಟೇ ಹೇಳಿದ. ಬೆಳಿಗ್ಗೆ ಡಾರಿಕ್‌ನ ಮೇಳ ದೋಣಿ ಹತ್ತಿ ಹೋಯಿತು.

ಆಮೇಲೆ ಮದುವೆ, ಮಕ್ಕಳು, ಪಟ್ಟಣ, ಪುಸೊ. ಗಂಡ ಬಲೆ ಹೊಲಿಯುವವನು, ಒಳ್ಳೆಯವನೇ, ಹಾಡೆಂದರೆ ಮಾತ್ರ ಆಕಳಿಸುವವನು. ಡಾರಿಕ್ ಬಸಾನ್ ರೇಡಿಯೋದಲ್ಲಿ ಹಾಡಿ ದೊಡ್ಡ ಹೆಸರಾದ. ಅವನು ಹತ್ತಿರಕ್ಕೆ ಬಂದಾಗಲೆಲ್ಲ ಪನ್ಯಾಂಗಳಿಗೆ ಏನಾದರೊಂದು ಅಡ್ಡ. ಒಮ್ಮೆ ಕೈಯಲ್ಲಿ ಬಾಣಂತನದ ಕೂಸು. ಒಮ್ಮೆ ಗಂಡ ಆಸ್ಪತ್ರೆಯಲ್ಲಿ. ಒಮ್ಮೆ ಗಂಡ ಸತ್ತು ವರ್ಷ ತುಂಬಿದ ಪ್ರಾರ್ಥನೆ. ಆ ಎರಡು ಸಾಲು ಅವಳು ಯಾರಿಗೂ ಹೇಳಲಿಲ್ಲ, ಲೂದಿಂಗಳಿಗೂ ಹೇಳಲಿಲ್ಲ. ಕೇಳಿದವನಿಗೆ ಕೊಡಬೇಕಾದ ಉತ್ತರವನ್ನು ಬೇರೆಯವರ ಕಿವಿಗೆ ಹಾಕಿದರೆ ಅದು ಎಂಜಲಾದಂತೆ ಎಂದು ಅವಳ ಎಣಿಕೆ.

ಆ ಶನಿವಾರ ಬೆಳಿಗ್ಗೆ ಪನ್ಯಾಂಗ್ ಹಂಡೆ ತೊಳೆಯುತ್ತಿದ್ದಾಗ ಲೂದಿಂಗ್ ಒಣಮೀನಿನ ಬುಟ್ಟಿ ಮುಚ್ಚಿ ಓಡಿಬಂದಳು.

“ಮಾರೆ, ಏಳು.”

“ಯಾಕೆ, ಪೇಟೆಗೆ ಬೆಂಕಿ ಬಿತ್ತಾ?”

“ನಿನ್ನ ಮೀಸೆಯೋನು ಕಮೋತೆಸ್ ದ್ವೀಪಕ್ಕೆ ಬರ್ತಾವ್ನೆ. ಇವತ್ತು ಸಂಜೆ, ಪೋರೊ ಊರಿನ ಚರ್ಚ್ ಮುಂದ್ಲ ಬಯಲಲ್ಲಿ. ಈಗ ರೇಡಿಯೋದಲ್ಲಿ ಅಂದ್ರು. ಇದೇ ಕೊನೆ ಕಚೇರಿಯಂತೆ, ಇನ್ಮೇಲೆ ಹಾಡಲ್ವಂತೆ. ಡಾಕ್ಟ್ರು ಬ್ಯಾಡ ಅಂದವ್ರಂತೆ.”

ಪನ್ಯಾಂಗ್ ಹಂಡೆಯೊಳಗೆ ಕೈಯಿಟ್ಟುಕೊಂಡೇ ನಿಂತಳು. “ಅಕ್ಕಿ ನೆನೆಹಾಕಿದ್ದೀನಲ್ಲೇ.”

“ನಿನ್ ಸೊಸೆ ಬೇಯಿಸ್ಕೊಂತಾಳೆ. ಅವಳಿಗೂ ದೇವ್ರು ಕೈ ಕೊಟ್ಟವ್ನೆ.”

“ಬಟ್ಟೆ?”

“ಉಟ್ಕೊಂಡಿದ್ದೀಯಲ್ಲ. ಏನ್, ಮದ್ವೆ ಮಾಡ್ಕೊಂತೀಯಾ ಅವನ್ನ?”

ಪನ್ಯಾಂಗ್ ಹೂವಿನ ಅಂಗಿಯೊಂದನ್ನು ಚೀಲಕ್ಕೆ ತುರುಕಿದಳು, ಬಾಚಣಿಗೆ ಹಾಕಿಕೊಂಡಳು, ಸೊಸೆಗೆ ಬೆಂಕಿ ಎಷ್ಟಿರಬೇಕೆಂದು ಹೇಳಿದಳು. ಹಾಗೆ ಹೊರಟೇಬಿಟ್ಟರು. ಜನ ತುಂಬಿದ ಜೀಪ್ನಿ ಬಂಡಿಯಲ್ಲಿ ದನಾವ್ ಧಕ್ಕೆಯವರೆಗೆ ನಿಂತುಕೊಂಡೇ ಹೋದರು. ದೋಣಿ ಹತ್ತಿ ಕೂತ ಮೇಲೆ ಪನ್ಯಾಂಗ್ ಗೆಳತಿಯ ಕಡೆ ತಿರುಗಿ ಹೇಳಿದಳು:

“ಒಂದು ಮಾತು. ಆ ದ್ವೀಪದಲ್ಲಿ ನಿಂಗೆ ಬಳಗ ಐತೆ ಅಂತ ನಂಗೊತ್ತು. ಮೊದ್ಲು ಬಯಲು, ಆಮೇಲೆ ಬಳಗ.”

ಲೂದಿಂಗ್ ಎದೆಗೆ ಶಿಲುಬೆ ಗುರುತು ಹಾಕಿಕೊಂಡಳು. “ರಾತ್ರಿ ಮಲಗಕ್ಕೆ ಮಾತ್ರ ಉಪೆಂಗ್ ಚಿಕ್ಕಮ್ಮನ ಮನೆ. ಅಷ್ಟೇ. ಆಣೆಗೂ.”

ದ್ವೀಪದ ಧಕ್ಕೆಯಲ್ಲಿ ಇಳಿದಾಗ ಸೂರ್ಯ ನೆತ್ತಿಯ ಮೇಲಿದ್ದ. ಬಾಡಿಗೆ ಬೈಕಿನವನೊಬ್ಬ ಇಬ್ಬರನ್ನೂ ಹಿಂದೆ ಕೂರಿಸಿಕೊಂಡ. ಇಂಟೊಯ್ ಎಂದು ಹೆಸರು, ನಡುವಯಸ್ಸಿನವನು. ಬೈಕು ಧಕ್ಕೆ ದಾಟುವ ಮೊದಲೇ ಅವನು ಕೇಳಿದ, “ಯಾರ್ ಮನೇವ್ರು ನೀವು?”

“ಹೇಳ್ಬೇಡ” ಎಂದು ಪನ್ಯಾಂಗ್ ಗೆಳತಿಯ ಬೆನ್ನಿಗೆ ಚಿವುಟಿದಳು. ಲೂದಿಂಗಳ ಬೆನ್ನಿನ ಮಾಂಸ ದಪ್ಪ.

“ಉಪೆಂಗ್ ಅಂತ, ಕಟ್ಟೆ ಮೇಲೆ ಬಿಬಿಂಕಾ ಸುಡ್ತಾಳಲ್ಲ, ಅವ್ಳ ಅಕ್ಕನ್ ಮಗಳು” ಎಂದಳು ಲೂದಿಂಗ್.

“ಅಯ್ಯೋ, ಅವ್ರು ನನ್ ಹೆಂಡ್ತಿಗೆ ಧರ್ಮತಾಯಿ. ಅವ್ರ ಮನೆ ಮುಂದೇನೇ ಹೋಗ್ಬೇಕು. ನಿಮ್ಮನ್ನ ಇಳಿಸ್ದೆ ಹೋದ್ರೆ ನಾಳೆಯಿಂದ ಈ ರಸ್ತೇಲಿ ನಾನು ಬೈಕ್ ಓಡ್ಸಂಗಿಲ್ಲ.”

“ಓಡಿಸ್ಬೇಡ” ಎಂದಳು ಪನ್ಯಾಂಗ್.

ಲೂದಿಂಗ್ ನಕ್ಕಳು. “ಮಾರೆ, ಸುಮ್ನೆ ಮುಖ ತೋರ್ಸಿ ಬರಾಣ. ಕಚೇರಿ ಸಂಜೆಗೆ ಅಂದವ್ರೆ. ಸಂಜೆ ಅಂದ್ರೆ ಕತ್ತಲೆ. ಮೇಯರ್ ಭಾಷಣ ಆಗ್ಬೇಕು, ಮೇಯರ್ ಹೆಂಡ್ತಿ ಭಾಷಣ ಆಗ್ಬೇಕು, ಪಾದ್ರಿ ಪ್ರಾರ್ಥನೆ ಆಗ್ಬೇಕು, ಮೈಕು ಕೆಡ್ಬೇಕು, ಮೈಕು ರಿಪೇರಿ ಆಗ್ಬೇಕು. ನಮ್ಮಲ್ಲಿ ಹೇಳಿದ್ ಹೊತ್ತಿಗೆ ಶುರುವಾಗಿದ್ದು ಯಾವ್ದೈತೆ ಹೇಳು, ಮಳೆ ಬಿಟ್ರೆ?”

ಪನ್ಯಾಂಗ್ ಕೂಡ ಇದೇ ಕಡಲಿನ ನೀರು ಕುಡಿದು ಬೆಳೆದವಳು. ಯಾವ ಮದುವೆಗಾಗಲಿ ಕಚೇರಿಗಾಗಲಿ ಹೇಳಿದ ಹೊತ್ತಿಗೆ ಹೋಗಿ ಖಾಲಿ ಕುರ್ಚಿಗಳ ಮುಂದೆ ಕೂತು ಬಂದವಳು. ಆದ್ದರಿಂದ ಇಳಿದಳು.

ಉಪೆಂಗ್ ಚಿಕ್ಕಮ್ಮ ಒಣಗಿದ ಸೀಗಡಿಯಂಥ ಮುದುಕಿ. ಇಬ್ಬರೂ ಅವಳ ಕೈಯನ್ನು ಹಣೆಗೊತ್ತಿಕೊಂಡರು. ಅವಳು ಹರಸಿದಳು, ಬೈದಳು, ಅತ್ತಳು, ಅನ್ನಕ್ಕಿಟ್ಟಳು. ಮುಖ ತೋರಿಸಿ ಬರುವುದೆಂದರೆ ತಟ್ಟೆಯ ಮುಂದೆ ಕೂತು ಮುಖ ತೋರಿಸುವುದು ಎಂದು ಪನ್ಯಾಂಗಳಿಗೆ ಗೊತ್ತಿತ್ತು. ನುಗ್ಗೆಸೊಪ್ಪಿನ ಮೀನುಸಾರು ಬಂತು, ಬೆಲ್ಲದ ಬಣ್ಣ ಬಂದ ಹಂದಿಮಾಂಸ ಬಂತು, ಅಕ್ಕಿಹಿಟ್ಟು, ತೆಂಗಿನಹಾಲಿನ ಬಿಸಿ ಬಿಬಿಂಕಾ ಬಂತು. ಲೂದಿಂಗ್ ಅಂಗಿಯ ತೋಳು ಮಡಿಸಿ ಕೂತಳು. ಅವಳು ಊಟಕ್ಕೆ ಕೂತರೆ ಅದು ಕೂತಂತೆಯೇ. ಪನ್ಯಾಂಗ್ ಬಾಗಿಲಲ್ಲಿ ನೆರಳು ನೋಡುತ್ತಿದ್ದಳು. ನೆರಳು ಹೊಸಿಲು ದಾಟಿ ಅಂಗಳಕ್ಕೆ ಇಳಿದಾಗ ಕೈ ತೊಳೆದು ಎದ್ದಳು.

“ನಾನ್ ಹೊರಟೆ. ನೀನ್ ಉಂಡು ಬಾ.”

“ತಟ್ಟೆ, ತಟ್ಟೆ” ಎಂದು ಚಿಕ್ಕಮ್ಮ ಕೂಗಿದಳು. ಊಟದ ನಡುವೆ ಒಬ್ಬರು ಪ್ರಯಾಣಕ್ಕೆ ಎದ್ದರೆ ಉಳಿದವರು ತಮ್ಮ ತಟ್ಟೆಯನ್ನು ಒಂದು ಸುತ್ತು ತಿರುಗಿಸಬೇಕು. ಇಲ್ಲದಿದ್ದರೆ ಹೋದವರು ದಾರಿಯಲ್ಲಿ ಉಳಿದಾರು. ಮೇಜಿನ ಸುತ್ತ ಇದ್ದವರೆಲ್ಲ ತಟ್ಟೆ ತಿರುಗಿಸಿದರು. ಹಿತ್ತಲಲ್ಲಿ ನಿಂತು ತಿನ್ನುತ್ತಿದ್ದ ಮೊಮ್ಮಗಳು ತಿರುಗಿಸಿರಲಿಲ್ಲ. ಅವಳನ್ನು ಕರೆಯಬೇಕಾಯಿತು, ಅವಳು ತಟ್ಟೆ ಎಲ್ಲಿಟ್ಟೆನೆಂದು ಹುಡುಕಬೇಕಾಯಿತು. ಅಷ್ಟರಲ್ಲಿ ಲೂದಿಂಗಳ ಊಟ ತಾನಾಗಿಯೇ ಮುಗಿಯಿತು.

“ಎದ್ದೋಗ್ತೀನಿ ಅಂದ್ಯಲ್ಲ, ಯಾಕೆ ಇನ್ನೂ ನಿಂತಿದ್ದೀಯ?” ಎಂದಳು ಲೂದಿಂಗ್, ಹಲ್ಲಿನ ಸಂದು ಕೆದಕುತ್ತ.

ಪನ್ಯಾಂಗ್ ಬೈಕಿನ ಹತ್ತಿರ ಹೋಗಿ ನಿಂತಳು.

ಆಗ ಚಿಕ್ಕಮ್ಮ ಹೊರಗೆ ಬಂದು ಕಣ್ಣೊರೆಸಿಕೊಂಡು ಹೇಳಿದಳು: “ದಾರೀಲಿ ಎಮೊಂಗ್ ಅಣ್ಣನ ಮನೇಲಿ ಇಳ್ಕೊಂಡು ಹೋಗಿ. ಮೊನ್ನೆ ಹೋಗ್ಬಿಟ್ಟ. ಇನ್ನೂ ಮಣ್ಣು ಮಾಡಿಲ್ಲ, ಮಗ ಮನಿಲಾದಿಂದ ಬರ್ಬೇಕು. ಲೂದಿಂಗ್, ನಿಮ್ಮವ್ವನ ಹೆರಿಗೆಗೆ ತೊಟ್ಟಿಲು ಮಾಡಿಕೊಟ್ಟೋನು ಅವ್ನು. ಹೆಣ ಇರೋ ಮನೆ ಮುಂದೆ ಬೈಕಲ್ಲಿ ಬುರ್‍ರಂತ ಹೋಗ್ತೀರಾ?”

ಲೂದಿಂಗ್ ಪನ್ಯಾಂಗಳ ಮುಖ ನೋಡಿದಳು. ಪನ್ಯಾಂಗ್ ಕಡಲನ್ನು ನೋಡಿದಳು. ಕಡಲ ಮೇಲೆ ಸಣ್ಣದಾಗಿ ಬಿಳಿನೊರೆ ಏಳುತ್ತಿತ್ತು. ಅವಳಿಗೆ ಗಾಳಿಯ ದಿಕ್ಕು ಗೊತ್ತಾಯಿತು. ಕಡಲು ಕೆಟ್ಟರೆ ಕಚೇರಿಗೇನಾದೀತೆಂದು ಆಗ ಯೋಚಿಸಲಿಲ್ಲ.

ಸತ್ತವನ ಮನೆಯ ಮುಂದೆ ಟಾರ್ಪಾಲು ಕಟ್ಟಿ ಮೇಜು ಹಾಕಿದ್ದರು. ಒಂದು ಮೇಜಿನಲ್ಲಿ ಇಸ್ಪೀಟು, ಒಂದರಲ್ಲಿ ತೆಂಗಿನ ಹೆಂಡ, ಒಳಗೆ ಶವಪೆಟ್ಟಿಗೆಯ ಗಾಜಿನ ಕೆಳಗೆ ಮುದುಕ, ಗಾಜಿನ ಮೇಲೆ ಹೇಗೋ ಹತ್ತಿದ ಕೋಳಿಮರಿಯೊಂದು ಕುಕ್ಕುತ್ತಿತ್ತು. ವಿಧವೆ ತಟ್ಟೆಯಲ್ಲಿ ಕಾಫಿಯನ್ನೂ ಬಿಸ್ಕತ್ತಿನ ಪೊಟ್ಟಣಗಳನ್ನೂ ತಂದಿಟ್ಟಳು. ಮುದುಕ ಹೇಗೆ ಹೋದ ಎಂದು ಮೊದಲಿನಿಂದ ಹೇಳಿದಳು. ಇನ್ನೊಬ್ಬರು ಬಂದಾಗ ಮತ್ತೆ ಮೊದಲಿನಿಂದ ಹೇಳಿದಳು. ಪನ್ಯಾಂಗ್ ಎರಡು ಸಲವೂ ತಲೆಯಾಡಿಸಿದಳು. ಸತ್ತವನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಸರಿಯಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಆದರೂ, ಒಂದು ವಾರ ತಡೆದು ಹೋಗಿದ್ದರೆ ಇವನಿಗೇನು ನಷ್ಟವಾಗುತ್ತಿತ್ತು ಎನ್ನಿಸದೆ ಇರಲಿಲ್ಲ.

ಸಾವಿನ ಮನೆಯಿಂದ ಹೋಗಿಬರುತ್ತೇನೆ ಎಂದು ಹೇಳಿ ಏಳುವ ಹಾಗಿಲ್ಲ. ಮನೆಯವರು ಬಾಗಿಲವರೆಗೆ ಬರುವ ಹಾಗೂ ಇಲ್ಲ. ಸುಮ್ಮನೆ ಜಾರಿಕೊಳ್ಳಬೇಕು. ಪನ್ಯಾಂಗ್ ಜಾರಿದಳು. ಬೈಕಿನ ಬಳಿ ನಿಂತು ಕಾದಳು. ಲೂದಿಂಗ್ ಜಾರುವುದು ಅಷ್ಟು ಸುಲಭವಲ್ಲ. ಅವಳು ಎದ್ದರೆ ಬೆಂಚು ಕಿರುಗುಟ್ಟುತ್ತದೆ, ಬೆಂಚಿನ ಮೇಲಿದ್ದವರು ತಿರುಗಿ ಮಾತಾಡಿಸುತ್ತಾರೆ. ಕೊನೆಗೂ ಬಂದಳು.

“ಇಂಟೊಯ್, ಈಗ ನೀನು ಎಲ್ಲಾದ್ರೂ ನಿಲ್ಸಿದ್ರೆ ನಿನ್ ಕುತ್ತಿಗೇಗೆ ಗರಿ ಸುತ್ತಿ ಪುಸೊ ಮಾಡ್ತೀನಿ” ಎಂದಳು ಪನ್ಯಾಂಗ್.

“ಮಾಡಿ ಅಕ್ಕ. ನನ್ ಹೆಂಡ್ತಿ ಬೇಯಿಸ್ಕೊಂಡು ತಿಂತಾಳೆ” ಎಂದ ಅವನು, ಬೈಕು ಓಡಿಸಿದ.

ತೆಂಗಿನ ತೋಪು ಮುಗಿದು ದಿಬ್ಬ ಸಿಕ್ಕಿತು. ದಿಬ್ಬದ ಮೇಲಿಂದ ಪೋರೊ ಊರಿನ ಚರ್ಚಿನ ಗೋಪುರ ಕಾಣಿಸಿತು. ಪನ್ಯಾಂಗಳ ಎದೆ ಹಗುರವಾಯಿತು. ಹೂವಿನ ಅಂಗಿ ಎಲ್ಲಿ ಬದಲಾಯಿಸಲಿ, ವೇದಿಕೆ ಎಷ್ಟು ಎತ್ತರವಿರಬಹುದು, ಮಂಡಿ ನೋವಿಗೆ ಮೆಟ್ಟಿಲು ಹತ್ತುವುದು ಹೇಗೆ ಎಂದೆಲ್ಲ ಲೆಕ್ಕ ಹಾಕತೊಡಗಿದಳು. ಅವನು ಮುದುಕನಾಗಿದ್ದಾನೆ, ಜೊತೆಗೆ ಹಾಡುವ ಹೆಂಗಸು ತೀರಿಕೊಂಡಿದ್ದಾಳೆಂದು ರೇಡಿಯೋದಲ್ಲೇ ಕೇಳಿದ್ದಳು. ಹಾಗಾದರೆ ಉತ್ತರ ಕೊಡುವ ಹೆಣ್ಣಿಲ್ಲವೇ ಎಂದು ಅವನು ಕೇಳಿಯೇ ಕೇಳುತ್ತಾನೆ.

“ಮಾರೆ, ಕರ್ಚೀಫ್ ಕೊಡೇ, ಧೂಳು” ಎಂದು ಲೂದಿಂಗ್ ಗೆಳತಿಯ ಚೀಲಕ್ಕೆ ಕೈಹಾಕಿದಳು. ಕೈ ಹೊರಗೆ ಬಂದಾಗ ಅದರಲ್ಲಿ ಕರ್ಚೀಫು ಇರಲಿಲ್ಲ. ಬಿಸ್ಕತ್ತಿನ ಪೊಟ್ಟಣ ಇತ್ತು.

“ಇದೆಲ್ಲಿಂದ ಬಂತು?”

ಪನ್ಯಾಂಗಳಿಗೆ ಆಗಲೇ ನೆನಪಾದದ್ದು. ತನ್ನ ಮುಂದೆ ಇಟ್ಟ ಪೊಟ್ಟಣವನ್ನು ಅಲ್ಲೇ ಬಿಟ್ಟು ಬಂದು ಅವಳಿಗೆ ಅಭ್ಯಾಸವಿಲ್ಲ. ಮೊಮ್ಮಗನಿಗಾಯಿತು ಎಂದು ಕೈ ತಾನಾಗಿಯೇ ಚೀಲಕ್ಕೆ ಹಾಕಿತ್ತು. ಮನಸ್ಸು ನೆರಳು ನೋಡುತ್ತಿತ್ತು.

“ಇಂಟೊಯ್, ನಿಲ್ಸು” ಎಂದಳು ಲೂದಿಂಗ್. ಅವಳ ದನಿಯಲ್ಲಿ ನಗು ಇರಲಿಲ್ಲ. “ಹಿಂದಕ್ಕೆ ತಿರುಗ್ಸು.”

“ಬಿಸಾಕೇ ಅದನ್ನ, ಇಲ್ಲೇ ಪೊದೆಗೆ.”

“ಬಿಸಾಕಿದ್ರೆ ಹೋಗಲ್ಲ ಮಾರೆ. ಆ ಮನೆಯಿಂದ ಬಂದಿದ್ದು ಆ ಮನೆಗೇ ಹೋಗ್ಬೇಕು. ನಿಂಗೊತ್ತು.”

ಪನ್ಯಾಂಗಳಿಗೆ ಗೊತ್ತಿತ್ತು. ಸಾವಿನ ಮನೆಯ ತಿಂಡಿ ಅಲ್ಲೇ ತಿಂದು ಮುಗಿಸಬೇಕು, ಹೊರಗೆ ತಂದರೆ ಸಾವು ಹಿಂದೆ ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಲೂದಿಂಗಳಿಗೆ ಎಲ್ಲರಿಗಿಂತ ಹೆಚ್ಚು ಗೊತ್ತು. ಹಿಂದೊಮ್ಮೆ ಪಕ್ಕದ ಮನೆಯ ಸಾವಿನಿಂದ ಅವಳು ಒಂದು ಮಿಠಾಯಿ ಕರ್ಚೀಫಿನಲ್ಲಿ ಕಟ್ಟಿಕೊಂಡು ಬಂದು ಎಸ್ತೆರ್‌ಗೆ ಕೊಟ್ಟಿದ್ದಳು. ಸತ್ತವನ ಒಂಬತ್ತು ದಿನದ ಪ್ರಾರ್ಥನೆ ಮುಗಿಯುವ ಮೊದಲೇ ಮಗು ಹೋಯಿತು. ಡಾಕ್ಟರು ಹೊಟ್ಟೆಯ ಬೇನೆ ಎಂದರು. ಲೂದಿಂಗ್ ಕೇಳಿಸಿಕೊಳ್ಳಲಿಲ್ಲ. ಆ ಪುಟ್ಟ ಪೆಟ್ಟಿಗೆಯ ಒಂದು ಬದಿಯನ್ನು ಹಿಡಿದು ನಡೆದವಳು ಪನ್ಯಾಂಗ್.

ಇಂಟೊಯ್ ಬೈಕು ತಿರುಗಿಸಿದ.

ಅದೇ ಹೊತ್ತಿಗೆ ಗಾಳಿ ದಿಬ್ಬದ ಆಚೆಯಿಂದ ಬೀಸಿತು, ಗಾಳಿಯ ಜೊತೆಗೆ ಧ್ವನಿವರ್ಧಕದ ಕರಕರ ಸದ್ದು ಬಂತು, ಸದ್ದಿನೊಳಗಿಂದ ಒಂದು ದನಿ ಬಂತು. ಸ್ವಲ್ಪ ಒಡೆದ, ಮೂಗಿನಿಂದ ಬರುವ ದನಿ. ಪನ್ಯಾಂಗಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

“ನಿಲ್ಸು” ಎಂದಳು.

ಇಂಟೊಯ್ ಎಂಜಿನ್ ಆರಿಸಿದ. ಬಿಸಿಲಿನ್ನೂ ತೆಂಗಿನ ನೆತ್ತಿಯಲ್ಲೇ ಇತ್ತು. ಸಂಜೆಯ ಕಚೇರಿ ಬಿಸಿಲಲ್ಲೇ ಶುರುವಾಗಿತ್ತು. ದನಿ ಗಾಳಿಗೆ ತುಂಡು ತುಂಡಾಗಿ ಬಂತು: “...ಏಳು ಅಲೆಯ ದಾಟಿ ಬಂದೆ...” ಆಮೇಲೆ ಗಾಳಿ ತಿರುಗಿತು. ಮತ್ತೆ ಬಂದಾಗ ಅವನು ಹಾಡುತ್ತಿರಲಿಲ್ಲ, ಕೇಳುತ್ತಿದ್ದ. “ಈ ಊರಲ್ಲಿ ನನಗೆ ಉತ್ತರ ಕೊಡೋ ಹೆಣ್ಣಿಲ್ವಾ?” ಅವನು ಸುಮ್ಮನಾದ. ಧ್ವನಿವರ್ಧಕ ಮಾತ್ರ ಉಸಿರಾಡುತ್ತಿತ್ತು. ಅವನು ಕಾಯುತ್ತಿದ್ದ. ಪನ್ಯಾಂಗ್ ರಸ್ತೆಯ ನಡುವೆ ನಿಂತಿದ್ದಳು, ಒಂದು ಕಡೆ ಅವನು, ಇನ್ನೊಂದು ಕಡೆ ಬಿಸ್ಕತ್ತು ಹಿಡಿದು ನಿಂತ ಲೂದಿಂಗ್.

“ನೀನ್ ಹೋಗ್ ಮಾರೆ” ಎಂದಳು ಲೂದಿಂಗ್. “ಇವನ್ ಜೊತೆ ಹೋಗು. ನಾನು ನಡ್ಕೊಂಡ್ ಹೋಗಿ ಕೊಟ್ಟು ಬರ್ತೀನಿ.”

ಪನ್ಯಾಂಗ್ ಅವಳ ಕಾಲು ನೋಡಿದಳು. ಊದಿದ ಪಾದ, ಹವಾಯಿ ಚಪ್ಪಲಿ, ಹಿಂದೆ ಉದ್ದಕ್ಕೆ ಬಿದ್ದ ಕಾದ ರಸ್ತೆ. “ಹತ್ತು” ಎಂದಳು. ಇಬ್ಬರೂ ಬೈಕು ಹತ್ತಿದರು, ಹಿಂದಕ್ಕೆ ಹೋದರು. ಬೆನ್ನ ಹಿಂದೆ ಯಾರೋ ಹೆಂಗಸು ಕಾಗದ ನೋಡಿ ಓದುವ ಹಾಗೆ ಉತ್ತರ ಹಾಡುವುದು ಕೇಳಿಸಿತು. ಕಾಲು ಒದ್ದೆಯಾಗದ ಮಾತು ಅದರಲ್ಲಿರಲಿಲ್ಲ. ಮೇಯರನ ಹೊಗಳಿಕೆ ಇತ್ತು.

ವಿಧವೆ ಬಿಸ್ಕತ್ತಿನ ಪೊಟ್ಟಣ ತೆಗೆದುಕೊಂಡು ತಟ್ಟೆಗೆ ಹಾಕಿದಳು, ಏನೂ ಕೇಳಲಿಲ್ಲ. ಆ ಮನೆಗೆ ಹಾಗೆ ವಾಪಸು ಬಂದವರು ಇವರೇ ಮೊದಲಿನವರಲ್ಲ.

ಬಯಲಿಗೆ ಬಂದು ಸೇರುವಾಗ ಅಲ್ಲಿ ಮಕ್ಕಳು ಕಡಲೆಕಾಯಿ ಸಿಪ್ಪೆ ತುಳಿಯುತ್ತ ಓಡಾಡುತ್ತಿದ್ದರು. ವೇದಿಕೆಯ ಮೇಲೆ ತಲೆಗೂದಲು ನೆಟ್ಟಗೆ ನಿಲ್ಲಿಸಿಕೊಂಡ ಹುಡುಗರು ಡೋಲುಗಳನ್ನು ಜೋಡಿಸುತ್ತಿದ್ದರು. ಕಡಲು ಕೆಡುತ್ತದೆಂದು ಡಾರಿಕ್ ಬಸಾನ್‌ನನ್ನು ಮೊದಲೇ ಹಾಡಿಸಿ, ಕೊನೆಯ ದೋಣಿಗೆ ಕರೆದುಕೊಂಡು ಹೋಗಿದ್ದರು. ಭಾಷಣಗಳನ್ನೆಲ್ಲ ಆಮೇಲೆ ಇಟ್ಟುಕೊಂಡಿದ್ದರು. ಕಡಲಂಚಿನಿಂದ ನೋಡಿದರೆ ದೋಣಿ ಇನ್ನೂ ಕಾಣುತ್ತಿತ್ತು.

“ನಮ್ ದೇಶದಲ್ಲಿ ಒಂದೇ ಒಂದು ಕಚೇರಿ ಹೇಳಿದ್ ಹೊತ್ತಿಗಿಂತ ಮೊದ್ಲು ಶುರುವಾಯ್ತು” ಎಂದಳು ಪನ್ಯಾಂಗ್. “ಅದೂ ನಾನು ಬಂದ ದಿನ.”

ಮೇಯರ್ ಭಾಷಣಕ್ಕೆ ಎದ್ದ. ಮೈಕು ಕೆಟ್ಟಿತು.

ಆ ರಾತ್ರಿ ಚಿಕ್ಕಮ್ಮನ ಮನೆಯಲ್ಲಿ ಪನ್ಯಾಂಗ್ ಗೋಡೆಗೆ ಮುಖ ಹಾಕಿ ಮಲಗಿದಳು. ಬಿಸ್ಕತ್ತಿನ ವಿಷಯದಲ್ಲಿ ಲೂದಿಂಗಳನ್ನು ಬಯ್ಯುವ ಹಾಗಿರಲಿಲ್ಲ. ತಂದವಳು ತಾನು, ತಿರುಗಿಸಿದ್ದು ಎಸ್ತೆರ್‌ಗಾಗಿ. ಬಯ್ಯಲಾಗದ ಸಿಟ್ಟು ಹೊಟ್ಟೆಯಲ್ಲಿ ಬೇಯದ ಅಕ್ಕಿಯ ಹಾಗೆ ಕೂತಿತ್ತು.

ಭಾನುವಾರ ಬೆಳಿಗ್ಗೆ ದೋಣಿ ತುಂಬಿತ್ತು. ಕೋಳಿ, ಮೂಟೆ, ಚರ್ಚಿಗೆ ಹೋಗಿ ಬಂದ ಹೆಂಗಸರು. ಲೂದಿಂಗಳ ಮಡಿಲಲ್ಲಿ ಚಿಕ್ಕಮ್ಮ ಕಟ್ಟಿಕೊಟ್ಟ ಬಿಬಿಂಕಾ ಗಂಟು. ಅವಳು ಒಂದನ್ನು ಬಿಚ್ಚಿ ಗೆಳತಿಯ ಮುಂದೆ ಹಿಡಿದಳು.

“ತಿನ್ ಮಾರೆ. ನಿನ್ನೆಯಿಂದ ಸರ್ಯಾಗಿ ತಿಂದಿಲ್ಲ ನೀನು. ನೋಡು, ಉಪೆಂಗ್ ಚಿಕ್ಕಮ್ಮ ತುಂಬಾ ಬೇಜಾರು ಮಾಡ್ಕೊಂಡ್ಳು, ನೀನು ಹಂದಿಮಾಂಸ ಮುಟ್ಲೇ ಇಲ್ಲಂತ. ಅದಕ್ಕೆ ನಿನ್ ಪಾಲಿಂದೂ ನಾನೇ ತಿಂದೆ.”

ಪನ್ಯಾಂಗ್ ತಿರುಗಿ ನೋಡಿದಳು. ಲೂದಿಂಗಳ ಮೇಲುತುಟಿಯ ಮೇಲೆ, ಆ ವಯಸ್ಸಿನ ಹೆಂಗಸರಿಗೆ ಬರುವ ನಾಲ್ಕು ಕೂದಲಿನ ಮೀಸೆಯ ಮೇಲೆ, ಬಿಬಿಂಕಾದ ಒಂದು ಚೂರು ಅಂಟಿತ್ತು.

ಅವಳು ಎದ್ದು ನಿಂತಳು. ಯಾಕೆ ನಿಂತಳೋ ಅವಳಿಗೇ ತಿಳಿಯಲಿಲ್ಲ. ದೋಣಿ ಓಲಾಡುತ್ತಿತ್ತು, ಒಂದು ಕೈಯಲ್ಲಿ ಕಂಬ ಹಿಡಿದಳು, ಇನ್ನೊಂದು ಕೈ ಸೊಂಟಕ್ಕೆ ಹೋಯಿತು. ಎಂಜಿನ್ನಿನ ಸದ್ದಿಗೆ ಮೇಲಾಗಿ ದನಿ ಎತ್ತಿ ಹಾಡಿದಳು:

‘ಅಲೆಯ ದಾಟಿ ಬಂದೋನ ಕಾಲು ಒದ್ದೆಯಾಗಿಲ್ಲ ಯಾಕೆ?
ಮೀಸೆಗಂಟಿದ ಅನ್ನದ ಅಗುಳು ಯಾರ ಮನೆಯದು, ಜೋಕೆ.
ದಾರಿಯುದ್ದಕೂ ಉಂಡು ಬಂದು ದಾರಿ ಕಾಣದೆಂತೀಯ,
ಒಲೆಯೂ ಆರಿ ದೀಪ ಆರಿದ ಮೇಲೆ ಬಂದು ನಿಂತೀಯ.’

ಕೋಳಿ ಹಿಡಿದಿದ್ದ ಮುದುಕನೊಬ್ಬ ತೊಡೆ ತಟ್ಟಿದ. ಹೆಂಗಸರು ಕೊಡೆ ಕೆಳಗಿಟ್ಟು ತಿರುಗಿದರು. ಲೂದಿಂಗ್ ಬಾಯಿಗೆ ಕೈ ಅಡ್ಡ ಹಿಡಿದಳು, ಮೇಲುತುಟಿ ಒರೆಸಿಕೊಂಡಳು. ಅದನ್ನು ನೋಡಿ ಎಲ್ಲರೂ ನಕ್ಕರು.

“ಇದೇನಾ ಅದು?” ಎಂದಳು ಲೂದಿಂಗ್ ಮೆಲ್ಲಗೆ. “ಇಷ್ಟು ವರ್ಷ ಬಾಯಲ್ಲಿ ಇಟ್ಕೊಂಡಿದ್ದು?”

“ಇದೇ.”

“ನಂಗ್ ಹಾಕ್ಬಿಟ್ಯಲ್ಲೇ.”

“ಇನ್ಯಾರಿಗ್ ಹಾಕ್ಲಿ? ಅವ್ನು ಏನ್ ಉಂಡಿದ್ನೋ ನಾನ್ ಕಂಡಿದ್ನಾ? ನೀನ್ ಉಂಡಿದ್ದು ಕಣ್ಣಾರೆ ಕಂಡೆ.”

“ಉತ್ತರ ಕೊಡಮ್ಮ” ಎಂದ ಕೋಳಿಯ ಮುದುಕ. “ಗಂಡಿನ ಪಾಲು ನಿಂದು.” ಉಳಿದವರೂ ಕೂಗಿದರು. ಲೂದಿಂಗಳಿಗೆ ಗಂಟಲಿತ್ತು, ರಾಗವಿರಲಿಲ್ಲ, ಪ್ರಾಸವಂತೂ ಇರಲೇ ಇಲ್ಲ. ಆದರೂ ಕೂತಲ್ಲಿಂದಲೇ ಒದರಿದಳು:

‘ದೀಪ ಆರಿದ್ರೆ ಆರ್‍ಲಿ ಬಿಡು, ತಣ್ಣಗಿರೋ ಅನ್ನ ಸಾಕು,
ನಾನು ಕರ್ಕೊಂಡ್ ಬರ್ದೆ ಇದ್ದಿದ್ರೆ ನೀನು ಇನ್ನೂ ಹಂಡೆ ತೊಳೀತಿದ್ದೆ.’

“ಪ್ರಾಸ ಎಲ್ಲಿ?” ಎಂದು ಕೇಳಿದ ಮುದುಕ.

“ಸಮುದ್ರಕ್ಕೆ ಬಿತ್ತು. ಇಳಿದು ಹುಡುಕು” ಎಂದಳು ಲೂದಿಂಗ್.

ಪನ್ಯಾಂಗ್ ನಗಲಿಲ್ಲ. ಕೂತು ಬಿಬಿಂಕಾ ತಿಂದಳು. ಹಸಿವಾಗಿತ್ತು. ಉತ್ತರ ಅವಳ ಬಾಯಿಂದ ಹೋಗಿತ್ತು, ಹೋಗಬೇಕಾದ ಕಡೆಗೆ ಹೋಗಿರಲಿಲ್ಲ. ಇನ್ನು ಅವನು ಎದುರಿಗೆ ಬಂದು ಕೈಮುಗಿದು ಕೇಳಿದರೂ ಕೊಡಲು ಬರುವುದಿಲ್ಲ. ಅದನ್ನು ನೆನೆದು ಮತ್ತೆ ಸಿಟ್ಟು ಬಂತು. ದನಾವ್‌ವರೆಗೂ ಗೆಳತಿಯ ಜೊತೆ ಮಾತಾಡಲಿಲ್ಲ. ಇಳಿಯುವಾಗ ಹಲಗೆ ಅಲುಗಾಡಿತು. ಆಗ ಮಾತ್ರ ತೋಳು ಹಿಡಿದುಕೊಂಡಳು.

ಸೋಮವಾರ ಓಣಿಯಲ್ಲಿ ಗರಿ ತರುವವನು ಕೇಳಿದ, “ಏನಕ್ಕ, ಜಪ ಬಿಟ್ಬಿಟ್ಯಾ?” ಪನ್ಯಾಂಗಳ ತುಟಿ ನಿಂತಿತ್ತು. ಕೈ ಓಡುತ್ತಿತ್ತು, ಬಾಯಿಗೆ ಕೆಲಸವಿರಲಿಲ್ಲ, ಹಲ್ಲು ಕಿತ್ತ ಜಾಗವನ್ನು ನಾಲಗೆ ಮುಟ್ಟಿ ನೋಡುವ ಹಾಗೆ ಅವಳು ಆ ಖಾಲಿ ಜಾಗವನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ, ಎದುರು ಕಟ್ಟೆಯಲ್ಲಿ ಲೂದಿಂಗ್ ಗಿರಾಕಿಯ ಜೊತೆ ಜಗಳವಾಡುತ್ತಿದ್ದುದನ್ನು ಕೇಳುತ್ತ ಕೂತಾಗ, ತುಟಿ ಸಣ್ಣಗೆ ಅಲುಗಿತು.

“ಮಾರೆ” ಎಂದು ಕರೆದಳು.

ಲೂದಿಂಗ್ ತಲೆ ಎತ್ತಿದಳು. “ಮುನಿಸು ಮುಗೀತಾ?”

“ಇಲ್ಲ. ಕೇಳು.” ಪನ್ಯಾಂಗ್ ಕೂತಲ್ಲೇ ಹಾಡಿದಳು:

‘ಕೈಯ ಹಿಡಿದು ಕರೆದೋಳು ನೀನೆ, ದಾರಿಗಡ್ಡ ನಿಂತೋಳು ನೀನೆ,
ನಿನ್ನ ಬಿಟ್ಟು ಹೋದೇನೆಂದರೆ ಚೀಲ ಹಿಡಿದು ಬಂದೋಳು ನೀನೆ...’

ಅಲ್ಲಿಗೆ ನಿಲ್ಲಿಸಿದಳು. ಇದು ಹಳೆಯದಕ್ಕಿಂತ ಚೆನ್ನಾಗಿತ್ತು. ಇಂಥದ್ದು ಶನಿವಾರಕ್ಕೆ ಮೊದಲು ಯಾಕೆ ಹೊಳೆಯಲಿಲ್ಲ ಎಂದು ಅವಳಿಗೆ ರೇಗಿತು.

“ಮುಂದೆ?” ಎಂದಳು ಲೂದಿಂಗ್.

“ಇನ್ನೂ ಬಂದಿಲ್ಲ.”

“ಬೇಗ ಹೇಳು, ಗಿರಾಕಿ ಹೋಗ್ತಾವ್ನೆ.”

“ಕಾಯ್ತಿರು” ಎಂದಳು ಪನ್ಯಾಂಗ್, ಗರಿಯನ್ನು ಎಡಕ್ಕೆ ಎಳೆದು ಗಂಟು ಹಾಕಿದಳು.